ತೋಟದ ಮನೆಯ ನಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಲ್ಲಿ ನಾಯಿ ಸಾಕುವುದು ಮುಖ್ಯವಾಗಿ ಕಾವಲಿಗೆ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ತಿಂಗಳುಗಟ್ಟಲೆ ಒಣಗಬೇಕು; ಒಂಟಿ ಮನೆಗೆ ಬೊಗಳುವ ಜೀವವೊಂದು ಬೇಕೇ ಬೇಕು. ಆ ದುಡಿಮೆಗೆ ಹಲವು ಕಡೆ ಸಿಗುವುದು ಗಿಡ್ಡ ಸರಪಳಿ, ಮಿಕ್ಕ ಮುದ್ದೆ.

ಈ ಸೀಮೆಯಲ್ಲಿ ಚಿರತೆ ಓಡಾಟವಿದೆ. ಅಂಗಳದಲ್ಲಿ ಕಟ್ಟಿದ ನಾಯಿ ಓಡಲಾರದು, ಅವಿತುಕೊಳ್ಳಲಾರದು. ಕತ್ತಲಾಗುವ ಮುನ್ನ ಅದನ್ನು ಬಾಗಿಲಿರುವ ಗೂಡಿಗೋ ಪಡಸಾಲೆಗೋ ಸೇರಿಸುವುದು ಸಾಕಿದವರ ಕನಿಷ್ಠ ಹೊಣೆ.

ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು, ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ಬಿಟ್ಟುಬರುವುದು, ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಡಿ ಅಪರಾಧ. ಮೊದಲ ಸಲದ ದಂಡ ಮಾತ್ರ 10ರಿಂದ 50 ರೂಪಾಯಿ. ಇಷ್ಟು ಸಣ್ಣ ದಂಡ ಯಾರನ್ನೂ ತಡೆಯದು, ಇದು ಕಾನೂನಿನ ದೊಡ್ಡ ಕೊರತೆ.

ಹೆಣ್ಣುಮರಿ ಬೇಡವೆಂದು ಚೀಲಕ್ಕೆ ತುಂಬಿ ಸಂತೆಮಾಳದಲ್ಲಿ ಬಿಟ್ಟರೆ, ಬದುಕುಳಿದವು ಬೀದಿನಾಯಿಗಳಾಗುತ್ತವೆ. ಅಂಥ ಮರಿಯನ್ನು ಎತ್ತಿತರುವುದು ಒಳ್ಳೆಯ ಕೆಲಸ. ಆದರೆ ಅನ್ನ ಹಾಕಿದರಷ್ಟೇ ಸಾಲದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಮತ್ತೆ, ಆರು ತಿಂಗಳು ದಾಟಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ.

ಮನೆಗೆ ತರಲಾಗದ ಬೀದಿನಾಯಿಯ ಹೊಣೆ ಊರಿನದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸ್ಥಳೀಯ ಸಂಸ್ಥೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಶಂಕೆಯಿರುವ, ಮೇಲೆರಗುವ ನಾಯಿಗಳನ್ನು ಬಿಡುವಂತಿಲ್ಲ ಎಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದೆ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.