ಕೊಳಕ್ಕೆ ಒರತೆಯಾಗುವ ಯಂತ್ರ

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ, ಈಜುವ ನೀರನ್ನು ಶುದ್ಧವಾಗಿರಿಸುವುದೂ ಮನುಷ್ಯನು ಮಾಡಬೇಕಾದ ಕೆಲಸಗಳಲ್ಲೊಂದೆಂದು ಎಂದೂ ಅನ್ನಿಸಿರಲಾರದು. ಸುಬ್ರಹ್ಮಣ್ಯದ ಕುಮಾರಧಾರೆಯನ್ನೂ ಸುಳ್ಯದ ಪಯಸ್ವಿನಿಯನ್ನೂ ಅವುಗಳ ಹರಿವೇ ತಿಳಿಯಾಗಿಡುತ್ತಿತ್ತು; ಮುರಕಲ್ಲನ್ನು ಕಡಿದು ತೋಡಿದ ಅಡಿಕೆತೋಟದ ಕೆರೆಯಲ್ಲಿ, ಬೇಸಗೆಗೆ ಬತ್ತುವವರೆಗೂ, ತಳದ ಒರತೆ ಇರುಳೂ ಹಗಲೂ ಹೊಸನೀರನ್ನು ಒಸರಿಸುತ್ತ ಹಳೆಯ ನೀರನ್ನು ತೋಡಿಗೆ ಕಳಿಸಿಕೊಡುತ್ತಿತ್ತು.

ಇಂದಿನ ಮಕ್ಕಳು ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನದ ಈಜುಕೊಳದಲ್ಲಿ ಈಜು ಕಲಿಯುತ್ತಾರೆ; ಅನುಕೂಲವಿದ್ದವರ ಮನೆಯಂಗಳಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ಟೈಲ್ಸ್ ಹಾಸಿದ ಸಣ್ಣ ಕೊಳಗಳು ಕಾಣಿಸಿಕೊಳ್ಳುತ್ತಿವೆ. ಕಾಂಕ್ರೀಟಿನ ಈ ಕೊಳಕ್ಕೆ ಒರತೆಯೂ ಇಲ್ಲ, ತೋಡೂ ಇಲ್ಲ. ಪಂಪು ಮತ್ತು ಮರಳಿನ ಫಿಲ್ಟರುಗಳೇ ಅದಕ್ಕೆ ನಾವು ಕಲ್ಪಿಸಿಕೊಟ್ಟ ಒರತೆ. ಆದುದರಿಂದ ಫಿಲ್ಟರನ್ನು ದಿನಕ್ಕೆ ಎಷ್ಟು ಗಂಟೆ ಓಡಿಸಬೇಕೆಂದು ಕೇಳುವುದೂ, ಈ ಕೊಳಕ್ಕೆ ಎಷ್ಟು ಒರತೆ ಬೇಕೆಂದು ಕೇಳುವುದೂ ಒಂದೇ.

ಉತ್ತರ ಗಡಿಯಾರದಲ್ಲಿಲ್ಲ, ನೀರಿನ ಲೆಕ್ಕದಲ್ಲಿದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳದಲ್ಲಿ 40,000 ಲೀಟರ್ ನೀರು ಹಿಡಿಯುತ್ತದೆ. ಪಂಪು ಗಂಟೆಗೆ 10,000 ಲೀಟರನ್ನು ಫಿಲ್ಟರಿನ ಮೂಲಕ ಹಾಯಿಸುವುದಾದರೆ ಒಂದು ಸುತ್ತಿಗೆ 4 ಗಂಟೆ ಬೇಕು. ಆದರೆ ಒಂದು ಸುತ್ತು ಮುಗಿದೊಡನೆ ನೀರೆಲ್ಲ ಶುದ್ಧವಾಯಿತೆಂದು ತಿಳಿಯಬಾರದು. ಏಕೆಂದರೆ ಶೋಧಿಸಿದ ನೀರು ಬೇರೊಂದು ಪಾತ್ರೆಗೆ ಹೋಗದೆ, ಇನ್ನೂ ಶೋಧನೆಯಾಗದ ನೀರಿನೊಡನೆ ಅದೇ ಕೊಳದಲ್ಲಿ ಬೆರೆಯುತ್ತದೆ. ಚೆನ್ನಾಗಿ ಬೆರೆಯುವ ಕೊಳದಲ್ಲಿ ಮೊದಲ ಸುತ್ತಿನಲ್ಲಿ ಫಿಲ್ಟರನ್ನು ಹಾಯ್ದು ಬರುವುದು ಸುಮಾರು ನೂರಕ್ಕೆ 63 ಪಾಲು ನೀರು ಮಾತ್ರ; ಎರಡನೆಯದರಲ್ಲಿ ಅದು 86ಕ್ಕೂ ಮೂರನೆಯದರಲ್ಲಿ 95ಕ್ಕೂ ಏರುತ್ತದೆ. ನಾಲ್ಕಾರು ಮಂದಿ ಈಜುವ ಮನೆಯ ಕೊಳಕ್ಕೆ ಬೇಸಗೆಯಲ್ಲಿ ಎರಡು ಸುತ್ತು, ಅಂದರೆ ಈ ಲೆಕ್ಕದಲ್ಲಿ 8 ಗಂಟೆ, ಯೋಗ್ಯವಾದ ಆರಂಭ. ಈಜುವವರು ಕಡಮೆಯಾದ ತಂಪಿನ ದಿನಗಳಲ್ಲಿ ಒಂದೂವರೆ ಸುತ್ತು ಸಾಕಾಗಬಹುದು. ನೆಂಟರು ತುಂಬಿದ ದಿನ ಮೂರು ಸುತ್ತೂ ಬೇಕಾದೀತು.

ಈ ಗಂಟೆಗಳು ಒಂದೇ ಸಲಕ್ಕೆ ಸಂದಾಯವಾಗಬೇಕೆಂಬ ನಿಯಮವಿಲ್ಲ. ಕರೆಂಟು ಬಂದುಹೋಗುವ ಹಳ್ಳಿಗಳಲ್ಲಿ ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು ಗಂಟೆಯೆಂದು ಹಂಚಿಕೊಳ್ಳಬಹುದು. ಆದರೆ ಬಿಸಿಲು ನೀರಿನಲ್ಲಿರುವ ಕ್ಲೋರಿನನ್ನು ನಾಶಮಾಡಿಬಿಡುವುದರಿಂದಲೂ, ಜನರು ಈಜುವುದು ಹಗಲಿನಲ್ಲೇ ಆದುದರಿಂದಲೂ, ಹೆಚ್ಚಿನ ಭಾಗ ಹಗಲಿಗೇ ಮೀಸಲಾಗಿರುವುದು ಮೇಲು. ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಹೆಚ್ಚುಕಡಮೆ ಒಂದು ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ಖರ್ಚಿಗೆ ಅಂಜಿ ಈ ಎಂಟು ಯೂನಿಟ್ಟನ್ನು ಉಳಿಸಹೊರಟವರು, ನೀರು ಹಸುರುಗಟ್ಟಿದ ಮೇಲೆ ಔಷಧಿಗೂ ಹೊಸ ನೀರಿಗೂ ಅದಕ್ಕಿಂತ ಹೆಚ್ಚು ತೆರುತ್ತಾರೆ.

ನಮ್ಮ ಸೀಮೆಗೆ ತನ್ನದೇ ಆದ ಋತುಧರ್ಮವುಂಟು. ಅಡಿಕೆಯ ಹಿಂಗಾರ ಅರಳಿದಾಗ ಅದರ ಪರಾಗ ನೀರಿನ ಮೇಲೆ ತೆಳುವಾದ ಹೊದಿಕೆಯಾಗುತ್ತದೆ. ಮಳೆಗಾಲದಲ್ಲಿ ಕೆಂಪುಮಣ್ಣು, ಕೊಳೆತ ಎಲೆ, ಹುಳು ಹುಪ್ಪಟೆಗಳೆಲ್ಲ ಕೊಳಕ್ಕಿಳಿಯುತ್ತವೆ. ಕೊಳೆರೋಗಕ್ಕೆ ಅಂಜಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಸಿಂಪಡಿಸುವ ದಿನ, ತೋಟದ ಬದಿಯ ಕೊಳವನ್ನು ಟಾರ್ಪಾಲಿನಿಂದ ಮುಚ್ಚಿಡಲೇಬೇಕು; ಮರಳು ಹಿಡಿಯುವುದು ತೇಲುವ ಕಣವನ್ನೇ ಹೊರತು, ಕರಗಿದ ತಾಮ್ರವನ್ನಲ್ಲ.

ಫಿಲ್ಟರು ತನ್ನ ಆಯಾಸವನ್ನು ಮುಚ್ಚಿಡುವುದಿಲ್ಲ. ಅದರ ನೆತ್ತಿಯ ಒತ್ತಡಮಾಪಕದ ಮುಳ್ಳು, ಶುಚಿಯಾಗಿದ್ದ ದಿನಕ್ಕಿಂತ 8–10 ಪಿಎಸ್‌ಐ ಮೇಲೇರಿತೆಂದರೆ, ಮರಳು ಕೊಳೆಯಿಂದ ಬಿಗಿದು ನೀರಿನ ಹರಿವು ತಗ್ಗಿದೆಯೆಂದೂ, ನಿನ್ನೆಯ ಎಂಟು ಗಂಟೆ ಇಂದು ಎರಡು ಸುತ್ತನ್ನು ಕೊಡುತ್ತಿಲ್ಲವೆಂದೂ ಅರ್ಥ. ಪಂಪನ್ನು ನಿಲ್ಲಿಸಿ, ಹಿಡಿಯನ್ನು ತಿರುಗಿಸಿ, ಮತ್ತೆ ಪಂಪನ್ನು ಓಡಿಸಿ ಬ್ಯಾಕ್‌ವಾಶ್ ಕೊಟ್ಟರೆ, ಎಂದರೆ ನೀರನ್ನು ಮರಳಿನ ಮೂಲಕ ಹಿಮ್ಮುಖವಾಗಿ ಹಾಯಿಸಿದರೆ, ಸಣ್ಣ ಗಾಜಿನ ಕಿಂಡಿಯಲ್ಲಿ ಮೊದಲು ಚಹದ ಬಣ್ಣದ ನೀರು ನುಗ್ಗಿ, ಕ್ರಮೇಣ ತೆಳುವಾಗಿ, ಎರಡು ಮೂರು ನಿಮಿಷಗಳಲ್ಲಿ ಸ್ಫಟಿಕದಂತಾಗುತ್ತದೆ.

ಕಣ್ಣಿಗೆ ಕಾಣದ ರೋಗಾಣುವಿಗೆ ಫಿಲ್ಟರ್ ಮದ್ದಲ್ಲ. ಅದಕ್ಕೆ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, 7.2ರಿಂದ 7.8ರ ಪಿಎಚ್ ಬೇಕು. ಇವೆಲ್ಲವನ್ನೂ ಪಾಲಿಸಿದ ಮೇಲೆಯೂ ಕಡೆಯ ಪರೀಕ್ಷೆ ನಮ್ಮ ಕಣ್ಣಿನದು. ಕೊಳದ ಅತ್ಯಂತ ಆಳದಲ್ಲಿರುವ ಜಾಲರಿಯ ಒಂದೊಂದು ಗೆರೆಯೂ ದಡದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ, ಗಂಟೆಗಳ ಲೆಕ್ಕ ಸರಿಯಿದ್ದರೂ ಆ ದಿನ ಮಕ್ಕಳನ್ನು ನೀರಿಗೆ ಇಳಿಸಕೂಡದು. ಮುಳುಗುತ್ತಿರುವ ಮಗು ಕೂಗುವುದಿಲ್ಲ, ಕಲಕು ನೀರು ಅದನ್ನು ತೋರಿಸುವುದೂ ಇಲ್ಲ.