ಗಡಿಯ ಕಾವಲು ಮತ್ತು ವಿಮಾನ ಸಂಸ್ಥೆಗಳ ಮೇಲಣ ದಂಡ

ತನ್ನ ನೆಲವನ್ನು ಪ್ರವೇಶಿಸುವ ಪರದೇಶೀಯರನ್ನು ಪರೀಕ್ಷಿಸುವುದು ಪ್ರತಿಯೊಂದು ಸ್ವತಂತ್ರ ರಾಷ್ಟ್ರದ ಅಧಿಕಾರ. ಈ ಅಧಿಕಾರವನ್ನು ಸರಕಾರದ ಅಧಿಕಾರಿಯೇ ಗಡಿಯಲ್ಲಿ ನಿಂತು ಚಲಾಯಿಸುವನೆಂಬುದು ಸಾಮಾನ್ಯ ಭಾವನೆ. ಆದರೆ ಇಂದು ಅದರ ಬಹುಭಾಗವು ವಿಮಾನ ಸಂಸ್ಥೆಗಳ ನೌಕರರ ಕೈಸೇರಿದೆ. ಇದಕ್ಕೆ ಕಾರಣವಾದ ದಂಡದ ಕಾನೂನನ್ನೂ ಅದರ ಪರಿಣಾಮವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ದಂಡದ ತತ್ತ್ವ ಸರಳವಾದುದು. ಸರಿಯಾದ ಪಾಸ್‌ಪೋರ್ಟ್, ವೀಸಾಗಳಿಲ್ಲದವನನ್ನು ಕರೆತಂದ ಸಂಸ್ಥೆಯು ದಂಡ ತೆರಬೇಕು. ಪ್ರವೇಶ ದೊರೆಯದವನನ್ನು ಹಿಂದಕ್ಕೆ ಒಯ್ಯಬೇಕು. ಇದು ಮೊದಲು ಹಡಗುಗಳಿಗೆ ಅನ್ವಯಿಸಿದ ನಿಯಮ. 1924ರ ಅಮೆರಿಕದ ವಲಸೆ ಕಾನೂನು ವೀಸಾ ಇಲ್ಲದೆ ತರಲ್ಪಟ್ಟ ಒಬ್ಬೊಬ್ಬ ವಲಸಿಗನಿಗೂ 1,000 ಡಾಲರ್ ದಂಡವನ್ನು ವಿಧಿಸಿತು. ಬ್ರಿಟನ್ 1987ರ ಕಾನೂನಿನಿಂದ 1,000 ಪೌಂಡ್ ದಂಡವನ್ನು ಜಾರಿಗೆ ತಂದು, 1991ರಲ್ಲಿ ಅದನ್ನು ಇಮ್ಮಡಿಗೊಳಿಸಿತು.

ಭಾರತದಲ್ಲಿ ಇದಕ್ಕಾಗಿಯೇ 2000ದಲ್ಲಿ ಒಂದು ಅಧಿನಿಯಮವು ರಚಿತವಾಯಿತು. ಅದರ ಪ್ರಕಾರ ದಂಡ ಒಂದು ಲಕ್ಷ ರೂಪಾಯಿ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮವು ಅದನ್ನು ರದ್ದುಗೊಳಿಸಿ, ದಂಡದ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. 2000ದ ಅಧಿನಿಯಮದಲ್ಲಿ ದಂಡ ವಿಧಿಸುವ ಮುನ್ನ ಸಂಸ್ಥೆಯ ಅಹವಾಲನ್ನು ಕೇಳಬೇಕೆಂಬ ನಿಯಮವಿತ್ತು, ಮೇಲ್ಮನವಿಗೂ ಅವಕಾಶವಿತ್ತು. ದಂಡದ ಭಯದಿಂದ ಸಂಸ್ಥೆಯು ವಿಮಾನ ಹತ್ತಗೊಡದ ಪ್ರಯಾಣಿಕನಿಗೆ ಅಂತಹ ವಿಚಾರಣೆಯಿರಲಿಲ್ಲ.

ಈ ವ್ಯತ್ಯಾಸದ ಅರ್ಥ ನಮ್ಮ ಸೀಮೆಯ ಉದಾಹರಣೆಯಿಂದ ಸ್ಪಷ್ಟವಾಗುವುದು. ಸುಳ್ಯ, ಪುತ್ತೂರು ಕಡೆಯಿಂದ ಉದ್ಯೋಗಾರ್ಥವಾಗಿ ಕೊಲ್ಲಿ ದೇಶಗಳಿಗೆ ಹೋಗುವವರು ಬಹುಮಂದಿ. ಬಜಪೆಯಿಂದ 2006ರಲ್ಲಿ ವಿದೇಶೀ ವಿಮಾನಸಂಚಾರ ಆರಂಭವಾಯಿತು; 2018ರಲ್ಲಿ ಕಣ್ಣೂರಿನ ನಿಲ್ದಾಣವೂ ತೆರೆಯಿತು. ಅಲ್ಲಿ ಪ್ರಯಾಣಿಕನು ತನ್ನ ಕಾಗದಪತ್ರಗಳನ್ನು ಮೊದಲು ತೋರಿಸುವುದು ವಿಮಾನ ಸಂಸ್ಥೆಯ ಗುಮಾಸ್ತನಿಗೆ. ಆತನು ಟಿಮ್ಯಾಟಿಕ್ ಎಂಬ ಮಾಹಿತಿಕೋಶದಲ್ಲಿ ಆಯಾ ದೇಶದ ನಿಯಮವನ್ನು ನೋಡಿ ತೀರ್ಮಾನಿಸುತ್ತಾನೆ. ತಪ್ಪಾಗಿ ಕರೆದೊಯ್ದರೆ ಸಂಸ್ಥೆಗೆ ನಷ್ಟ. ತಪ್ಪಾಗಿ ತಡೆದರೆ ನಷ್ಟವು ಬಹುಮಟ್ಟಿಗೆ ಪ್ರಯಾಣಿಕನದು. ಆದುದರಿಂದ ಸಂದೇಹ ಬಂದಲ್ಲಿ ತಡೆಯುವುದೇ ಸಹಜವಾಗುತ್ತದೆ. ಅನಂತರ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅಷ್ಟರಲ್ಲಿ ವಿಮಾನವು ಹೋಗಿರುತ್ತದೆ, ಉದ್ಯೋಗವೂ ಕೈತಪ್ಪಿರಬಹುದು.

ಪ್ರಾಣಭಯದಿಂದ ಓಡಿಬರುವವನ ಪಾಡು ಇದಕ್ಕಿಂತಲೂ ಕಠಿನ. ಬ್ರಿಟನ್ನಿನ ಕಾನೂನಿಗೆ ತಕ್ಷಣದ ನಿಮಿತ್ತವಾದುದು 1987ರ ಆರಂಭದಲ್ಲಿ ಶ್ರೀಲಂಕಾದ ತಮಿಳರು ಆಶ್ರಯ ಕೋರಿ ಲಂಡನ್ನಿನಲ್ಲಿ ಬಂದಿಳಿದ ಪ್ರಸಂಗ. ಅದೇ ದ್ವೀಪದ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ತಮಿಳರು ಸುಳ್ಯಕ್ಕೆ ಅಪರಿಚಿತರಲ್ಲ. 1964ರ ಅಕ್ಟೋಬರಿನ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಭಾರತವು 5,25,000 ಮಂದಿಯನ್ನು ಸ್ವೀಕರಿಸಲೊಪ್ಪಿತು. ಹಾಗೆ ಬಂದವರಲ್ಲಿ ಹಲವು ಕುಟುಂಬಗಳು ಸುಳ್ಯ, ಪುತ್ತೂರು ತಾಲೂಕುಗಳ ಸರಕಾರೀ ರಬ್ಬರ್ ತೋಟಗಳಲ್ಲಿ ನೆಲೆಗೊಂಡುವು. ಅವರ ಬೆನ್ನಿಗೆ ಎರಡು ಸರಕಾರಗಳ ಒಪ್ಪಂದವಿತ್ತು. ಲಂಡನ್ನಿಗೆ ಹೋದವರಿಗೆ ಅಂತಹ ಆಧಾರವಿರಲಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಯು, ಅಪಾಯದಿಂದ ನೇರವಾಗಿ ಬಂದವನನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸಬಾರದೆನ್ನುತ್ತದೆ. ಆದರೆ ವಿಮಾನವನ್ನೇ ಹತ್ತಲಾರದವನಿಗೆ ಆ ರಕ್ಷಣೆಯು ದಕ್ಕುವುದು ಹೇಗೆ?

ಸುಳ್ಳು ಕಾಗದಗಳ ವ್ಯಾಪಾರವನ್ನು ತಡೆಯಲು ದಂಡವು ಅಗತ್ಯವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. 1944ರ ಷಿಕಾಗೊ ಒಡಂಬಡಿಕೆಯ ಒಂಬತ್ತನೆಯ ಅನುಬಂಧವು, ತಕ್ಕ ಎಚ್ಚರಿಕೆ ವಹಿಸಿದ ಸಂಸ್ಥೆಯನ್ನು ದಂಡಿಸಬಾರದೆಂದು ವಿಧಿಸಿರುವುದೂ ಯುಕ್ತವೇ. ಸಂಸ್ಥೆಗೆ ದೊರೆತ ಈ ನ್ಯಾಯದ ಒಂದಂಶವು ಪ್ರಯಾಣಿಕನಿಗೂ ಸಲ್ಲಬೇಕು. ತಡೆದ ಕಾರಣವನ್ನು ಲಿಖಿತವಾಗಿ ಕೊಡುವುದು, ವಿಮಾನ ಹೊರಡುವ ಮುನ್ನ ಹೊಣೆಯುಳ್ಳ ಸರಕಾರೀ ಅಧಿಕಾರಿಯ ಮುಂದೆ ಅಹವಾಲು ಹೇಳಿಕೊಳ್ಳಲು ಅವಕಾಶವೀಯುವುದು, ಇವೆರಡೂ ಅಸಾಧ್ಯವಾದುವಲ್ಲ. ರಾಷ್ಟ್ರವು ತನ್ನ ಅಧಿಕಾರವನ್ನು ಇನ್ನೊಬ್ಬನ ಕೈಗೆ ಒಪ್ಪಿಸಬಹುದು. ಅದರೊಡನಿರುವ ಹೊಣೆಯಿಂದ ಮಾತ್ರ ತಾನು ಬಿಡಿಸಿಕೊಳ್ಳಲಾಗದು.