ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಹೋಗೋಕೆ 16 ಗಂಟೆ, ಬರೋಕೆ ಯಾಕೆ ಇನ್ನೂ ಜಾಸ್ತಿ?

ಮಗಳ ಬಾಣಂತನಕ್ಕೆ ಅಂತ ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಿದ್ದಾರೆ ಅಂದುಕೊಳ್ಳಿ. ಜನವರಿ ತಿಂಗಳು. ಟಿಕೆಟ್ಟಲ್ಲಿ ಹೀಗಿದೆ: ಬೆಂಗಳೂರು ಬಿಡೋದು ಮಧ್ಯಾಹ್ನ 2 ಗಂಟೆಗೆ, ಸ್ಯಾನ್ ಫ್ರಾನ್ಸಿಸ್ಕೊ ಸೇರೋದು ಅದೇ ದಿನ ಸಂಜೆ 4.30ಕ್ಕೆ. ಅಮ್ಮ ಕೇಳ್ತಾರೆ, "ಬರೀ ಎರಡೂವರೆ ಗಂಟೇನಾ? ಹುಬ್ಬಳ್ಳಿ ಬಸ್ಸಿಗೇ ಇದಕ್ಕಿಂತ ಜಾಸ್ತಿ ಬೇಕಲ್ಲೋ!"

ಅಲ್ಲ, ಅಮ್ಮ ಸೀಟಲ್ಲಿ ಕೂತಿರಬೇಕಾದ್ದು 16 ಗಂಟೆ. ಟಿಕೆಟ್ಟಲ್ಲಿ ಹೊರಡುವ ಸಮಯ ನಮ್ಮೂರಿನದು, ತಲುಪುವ ಸಮಯ ಆ ಊರಿನದು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್ ಶುರುವಿನವರೆಗೆ ಹನ್ನೆರಡೂವರೆ ಗಂಟೆ ಹಿಂದೆ.

ಈಗ ದೂರಕ್ಕೆ ಬರೋಣ. ಎರಡು ಏರ್‌ಪೋರ್ಟ್‌ಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಗೋಡೆ ಮೇಲಿನ ಮ್ಯಾಪಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಈ ದಾರಿ ಸಿಗಲ್ಲ. ಭೂಮಿ ಗುಂಡಗಿದೆಯಲ್ಲ, ಒಂದು ಗ್ಲೋಬ್ ತಗೊಂಡು ದಾರ ಬಿಗಿಯಾಗಿ ಎಳೆದು ನೋಡಿ. ದಾರ ಉತ್ತರಕ್ಕೆ ಏರಿ, ಚೀನಾ, ರಷ್ಯಾದ ಪೂರ್ವ ಭಾಗ, ಅಲಾಸ್ಕಾ ಕಡೆಯಿಂದ ಇಳಿಯುತ್ತೆ.

ಗಂಟೆಗೆ 900 ಕಿಲೋಮೀಟರ್ ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತೆ. ಆದರೆ ವಿಮಾನ ಆ ದಾರದ ಮೇಲೇ ಹೋಗೋದು ಅಪರೂಪ. ಕಾರಣ ಮೂರು.

ಒಂದು, ಗಾಳಿ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ. ಅಮೆರಿಕಕ್ಕೆ ಹೋಗುವಾಗ ಪೆಸಿಫಿಕ್ ಸಾಗರದ ಮೇಲೆ ಇದು ಹಿಂದಿನಿಂದ ತಳ್ಳುತ್ತೆ. ಹಾಗಾಗಿ ಸ್ವಲ್ಪ ಸುತ್ತುಬಳಸಿ ಹೋದರೂ ಬೇಗ ತಲುಪಬಹುದು. ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತೆ, ಪ್ರಯಾಣ 17 ಗಂಟೆ ದಾಟುತ್ತೆ.

ಎರಡು, ಬೆಟ್ಟ. ವಿಮಾನದೊಳಗೆ ಗಾಳಿಯ ಒತ್ತಡ ಇಳಿದರೆ ಪೈಲಟ್ ತಕ್ಷಣ ಕೆಳಕ್ಕೆ ಇಳಿಸಬೇಕು. ಟಿಬೆಟ್ ಮೇಲೆ ಹಾಗೆ ಇಳಿಯೋಕೆ ಜಾಗ ಇಲ್ಲ, ನೆಲವೇ ಅಷ್ಟು ಎತ್ತರದಲ್ಲಿದೆ. ಅದಕ್ಕೇ ಆ ಭಾಗವನ್ನ ಸಾಮಾನ್ಯವಾಗಿ ತಪ್ಪಿಸ್ತಾರೆ.

ಮೂರು, ರಾಜಕೀಯ. 2022ರಲ್ಲಿ ರಷ್ಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಬಂದ್ ಆಯ್ತು. ಭಾರತದ ವಿಮಾನಗಳಿಗೆ ಆಗಲಿಲ್ಲ. ಅಂದರೆ ಏರ್‌ಪೋರ್ಟ್‌ಗಳು ಅವೇ ಆದರೂ ಕಂಪನಿ ಬದಲಾದರೆ ದಾರಿಯೂ ಬದಲಾಗುತ್ತೆ.

ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನಾನ್‌ಸ್ಟಾಪ್ ವಿಮಾನ ಹಾರಿದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. 9ನೇ ತಾರೀಕು ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಸೋಮವಾರ ನಸುಕಿನಲ್ಲಿ ಬೆಂಗಳೂರಲ್ಲಿ ಇಳಿದರು. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಯ್ತು!

ಕೊನೆಗೆ, ಅಮ್ಮನಿಗೆ ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಮಾತು. 'ಡೈರೆಕ್ಟ್' ಅಂದರೆ 'ನಾನ್‌ಸ್ಟಾಪ್' ಅಂತಲ್ಲ. ಡೈರೆಕ್ಟ್ ವಿಮಾನ ಅದೇ ನಂಬರಲ್ಲಿ ಮಧ್ಯೆ ಎಲ್ಲಾದರೂ ಇಳಿದು ಹೋಗಬಹುದು. ಹಾಗಾಗಿ ಸ್ಟಾಪ್ ಎಷ್ಟು, ಒಟ್ಟು ಅವಧಿ ಎಷ್ಟು, ಎರಡನ್ನೂ ನೋಡಿ. ವಾಪಸ್ ಬರುವಾಗ ಏರ್‌ಪೋರ್ಟಿಗೆ ಕರೆಯೋಕೆ ಹೋಗೋರು ತಾರೀಕನ್ನ ಎರಡು ಸಲ ನೋಡಿಕೊಳ್ಳಿ. ಇಲ್ಲಾಂದ್ರೆ ಒಂದು ದಿನ ಮೊದಲೇ ಹೋಗಿ ನಿಂತಿರ್ತೀರ!